ಷರಾ

ಮಾಗಡಿ ಕೆರೆಗೆ ಜನ ಬರುವುದು
ಪಟ್ಟೆತಲೆಯ ಹೆಬ್ಬಾತಿಗೆ.
ಅವು ಶೇಂಗಾ ಹೊಲಕ್ಕೆ ಎದ್ದುಹೋದ ಮೇಲೆ
ಕಾರುಗಳೂ ಹೋದವು.
ಆಗ ದಾವಲಸಾಬ ನನ್ನ ಮೊಣಕೈ ತಿವಿದ:
‘ಒಲಿಯಾಗ ಹೊಕ್ಕು ಬಂದ ಬೆಳ್ಳಕ್ಕಿ ನೋಡ್ರಿ ಅಲ್ಲಿ.’

ನೂರಾ ಹನ್ನೆರಡು ಬಿಳಿಯ ನಡುವೆ
ಒಂದು ಬೂದಿ.

ಬೂದಿ ಅಂದರೆ ಯಾವ ಬೂದಿ?
ನಾನು ಬೆಟಗೇರಿಯವನು,
ಮೂವತ್ತೊಂದು ವರ್ಷ ನೂಲಿಗೆ ಬಣ್ಣ ಹಾಕಿದವನು.
ಕುಳ್ಳಿನ ಬೂದಿ ಬೇರೆ, ಜಾಲಿ ಕಟ್ಟಿಗೆಯದು ಬೇರೆ.
‘ಮಳೆಮೋಡ’ ಎಂದು ಸೇಠ ಬರೆದುಕೊಟ್ಟ ಚೀಟಿಗೆ
ಏಳು ಪಾತ್ರೆ ಕದಡಿ
ಏಳನ್ನೂ ಗಟಾರಕ್ಕೆ ಚೆಲ್ಲಿದ್ದೇನೆ.
ಇದು ಅವುಗಳಲ್ಲಿ ನಾಲ್ಕನೆಯದು:
ಪೆನ್ಸಿಲ್ಲು ಮಸೆದ ಪುಡಿಗೆ ಒಂದು ಚಿಟಿಕೆ ನೀಲಿ.

ಪುಸ್ತಕ ತೆಗೆದೆ. ಇಬ್ಬನಿಗೆ ಪುಟ ಅಂಟಿಕೊಂಡಿದ್ದವು.
ಕಡಲ ದಂಡೆಯ ಬಕವಾದರೆ
ಕೊಕ್ಕು ದಪ್ಪ, ತುಸು ಬಾಗಿದ್ದು, ಮಾಸಿದ ಹಳದಿ.
ಆದರೆ ಕಡಲು ಘಟ್ಟ ಇಳಿದು ಅಂಕೋಲೆಯಲ್ಲಿದೆ;
ಇಲ್ಲಿ ಉಪ್ಪೆಂದರೆ
ದಾವಲಸಾಬನ ಬುತ್ತಿಯ ಉಪ್ಪಿನಕಾಯಿ.
ಬೆಳ್ಳಕ್ಕಿಯೇ ಕಪ್ಪಾಗಿ ಹುಟ್ಟಿದ್ದಾದರೆ
ಕೊಕ್ಕು ದಬ್ಬಳದಂತೆ, ಪೂರಾ ಕಪ್ಪು.
ಇದರದು ತುದಿ ಕಪ್ಪು,
ಬುಡ ಅರಿಶಿನ ಅರೆದು ತೊಳೆದ ಕೈ.
ಗಂಟಲಲ್ಲೊಂದು ಬಿಳಿ ಕಲೆ ಇದೆ ಎಂದುಕೊಂಡೆ.
ತಲೆ ತಿರುಗಿಸಿತು. ಇಲ್ಲ.

ಎರೆಮಣ್ಣು ಮೆತ್ತಿರಬಹುದೇ?
ಈ ಸೀಮೆಯ ಕೆಸರು ಬಿಳಿ ಎತ್ತನ್ನೂ
ಬೇರೆಯವರ ಎತ್ತು ಮಾಡಿ ಮನೆಗೆ ಕಳಿಸುತ್ತದೆ.
ಹಕ್ಕಿ ಮೈ ಕೊಡವಿತು. ಏನೂ ಉದುರಲಿಲ್ಲ.
ನಮ್ಮ ಕಸುಬಿನ ಮಾತಿನಲ್ಲಿ, ಪಕ್ಕಾ ಬಣ್ಣ.

ಹನ್ನೊಂದು ಫೋಟೊ. ಒಂಬತ್ತರಲ್ಲಿ ಜೊಂಡು.
ಉಳಿದೆರಡನ್ನು ಧಾರವಾಡದ ಶಶಿರೇಖಾ ಮೇಡಂಗೆ ಕಳಿಸಿದೆ.
‘ಮಿಶ್ರತಳಿ ಇರಬಹುದು.
ಆದರೆ ಇರಬಹುದು ಅನ್ನೋ ಹಕ್ಕಿ
ಯಾವ ಪಟ್ಟಿಯಲ್ಲೂ ಇಲ್ಲವಲ್ಲ’ ಎಂದರು.
ಕಾರವಾರದ ಗಾಂವಕರರು ನಕ್ಕರು:
‘ನಮ್ಮದಲ್ಲ ಮಾರಾಯ್ರೆ,
ಅಷ್ಟು ಸಪೂರ ಕೊಕ್ಕು ನಮ್ಮದಕ್ಕೆ ಇಲ್ಲ.’

ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಕೊಟ್ಟು ನೇಯ್ದ ಸೀರೆಯನ್ನು
ನೀವು ಬಿಸಿಲಿಗೆ ಹಿಡಿದು ನೋಡಿದ್ದೀರಾ?
ಮಡಿಕೆಯಲ್ಲಿ ಒಂದು, ಸೆರಗು ಹಾರಿದರೆ ಮತ್ತೊಂದು.
ಎಳೆ ಬಿಡಿಸಿದರೆ ಎರಡೂ ಬಣ್ಣ ಸಿಗುತ್ತವೆ,
ಸೀರೆ ಸಿಗುವುದಿಲ್ಲ.

ಅವ್ವನಿಗೆ ಲಡಿ ಎಣಿಸುವಾಗ ತೆಲುಗು,
ಬೈಯುವಾಗ ಕನ್ನಡ.
ಶಾಲೆಗೆ ಹೆಸರು ಹಚ್ಚುವ ದಿನ ಕರಡಿ ಮಾಸ್ತರರು
‘ಮನಿ ಮಾತು ಯಾವದಲೇ, ಒಂದ ಹೇಳು’ ಅಂದರು.
ಬೈಗುಳದ್ದನ್ನೇ ಹೇಳಿದೆ.
ಪಕ್ಕದಲ್ಲಿ ಇನ್ನೊಂದು ಕಾಲಂ ಇತ್ತು, ಅಗಲಕ್ಕೆ, ಖಾಲಿ.

ಅಷ್ಟರಲ್ಲಿ ಬೂದಿ ಒಂದು ಕಪ್ಪೆ ಹಿಡಿಯಿತು.
ಹತ್ತಿರದ ಬಿಳಿ ಅದನ್ನು ಕಸಿದುಕೊಂಡು ಓಡಿತು,
ಬಿಳಿಗೆ ಬಿಳಿ ಮಾಡುವ ಹಾಗೆಯೇ.
ಇದು ಗುರುತಿನ ಲಕ್ಷಣವೆಂದು
ಪುಸ್ತಕ ಒಪ್ಪುವುದಿಲ್ಲ.

ಎಣಿಕೆಯ ಹಾಳೆ ತೊಡೆಯ ಮೇಲೆ: ಜಾತಿ, ಸಂಖ್ಯೆ, ಷರಾ.
ಸಂಖ್ಯೆಯಲ್ಲಿ ೧ ಎಂದು ಬರೆದೆ.
ಅದೊಂದರಲ್ಲಿ ಅನುಮಾನವಿರಲಿಲ್ಲ.
ಜಾತಿಯ ಮನೆಯಲ್ಲಿ ಪೆನ್ನು ನಿಂತಿತು.
ದಾವಲಸಾಬ ಚಹಾ ಸುರಿಯುತ್ತಾ ಅಂದ:
‘ಗೊತ್ತಿಲ್ಲಂದ್ರ ಗೊತ್ತಿಲ್ಲಂತ ಬರೀರಿ.
ಹಕ್ಕಿಗೇನ ಸಿಟ್ಟ ಬರೂದಿಲ್ಲ.’

ಷರಾದಲ್ಲಿ ಬರೆದೆ, ಜಾಗ ಸಾಲದೆ ಅಂಚಿಗೂ ಹರಿಸಿ:
ನಾಲ್ಕನೇ ಪಾತ್ರೆಯ ಬೂದಿ. ಕೊಕ್ಕಿನ ಬುಡ ಹಳದಿ.
ಗಂಟಲು ಅನುಮಾನ.
ಕಾಲ್ಬೆರಳು ಕಾಣಲಿಲ್ಲ, ನೀರಿನೊಳಗಿದ್ದವು.

ಆಗ ಅದು ಎದ್ದಿತು, ಕಾಲು ಇಳಿಬಿಟ್ಟು,
ನಮ್ಮ ತಲೆಯ ಮೇಲೇ.
ಬೆರಳು ಕಂಡವು. ನೀರು ತೊಟ್ಟಿಕ್ಕುವ ಹಳದಿ.
ಖುಷಿಯಿಂದ ಪುಟ ತಿರುವಿದೆ.

ಎರಡಕ್ಕೂ ಹಳದಿಯೇ.