ಮುಂದೊಂದು ಶೇಕಡಾ

ನವನಗರ, ಮುಳುಗಡೆ ಕಚೇರಿ, ಮಧ್ಯಾಹ್ನ ಮೂರು.
ಫ್ಯಾನಿಗೆ ಹಾರದಂಗ ಕಾಗದದ ಮ್ಯಾಲೆ ಹಂಚಿನ ಚೂರು.
ಕಿಟಕಿಯಾಚೆ ರಾಜ್ಮಾಬಿ ನದಾಫ,
ಹತ್ತಿ ಹಿಂಜೋ ಮನೆತನ, ಹಳೇ ಬಾಗಲಕೋಟಿ.
“ಯಾದಿಯಾಗ ನನ್ನ ಹೆಸರಿಲ್ಲಂತ, ನೋಡ್ರಿ ಬಾಯಾರ.”

ಹೇಳಿದ್ದು ಹೇಳಿದಂಗ ಹೊಡದೆ. ಸೊನ್ನೆ ಸಾಲು.
‘ಸಮ’ ಅನ್ನೋ ಚಿಹ್ನೆಗೆ ಕರುಣೆ ಇಲ್ಲ,
ಒಂದು ಒತ್ತು ತಪ್ಪಿದರ
ಮನಿಷ್ಯಾನ ಇಲ್ಲ ಅಂತೈತಿ.

‘ಸಮ’ ಬಿಟ್ಟು ‘ಹಂಗ’ ಅಂತ ಕೇಳಿದೆ.
ಅಡಿಗೆರೆ ಒಂದಕ್ಕ ಅಕ್ಷರ ಒಂದು ಅಂತ ಕಲಿಸಿದ್ದರು;
ಯಂತ್ರದ ಎಣಿಕೆ ಬ್ಯಾರೆ. ಹಳ್ಳಿಯ ‘ಳ್ಳಿ’ಗೆ ನಾಕು ಗೆರೆ:
ಕಾಣದ ಹಲಂತ, ಗುಡಿಸು, ಎಲ್ಲಾ ಬಿಡಿಬಿಡಿ,
ಹಿಂಜಿದ ಹತ್ತಿ.

‘ರ’ ಶೇಕಡಾ ‘ಮಾ’ ಶೇಕಡಾ.
ಬಂದರು. ಒಬ್ಬೊಬ್ಬರನ್ನ ಓದಿದೆ:
ರಮಾಬಾಯಿ, ರುಕ್ಮಾ, ರೇಷ್ಮಾ,
ಕರೀದ ಬಂದ ರಹಿಮಾನಸಾಬ.
ಆಕಿ ಮಾತ್ರ ಇಲ್ಲ.

ಮುಂದ ಶೇಕಡಾ ಇಡಬ್ಯಾಡ ಅಂತಾರ ಸಾಹೇಬರು.
ಇಂಡೆಕ್ಸು ಕುರುಡಾಗತೈತಿ,
ಒಂದೊಂದು ಬಾಗಿಲಾ ಬಡಕೊಂತ ಹೋಗಬೇಕಾಗತೈತಿ ಯಂತ್ರ.
ಇಟ್ಟೆ. ಹಿಂದ ‘ನದಾ’ ಅಂತ ಸೇರಿಸಿದೆ.

ನೀರಾಗಿನ ಓಣಿ ಓಣಿ ತಿರಗಿತು ಅದು,
ಇಲ್ಲದ ಕದಕ್ಕೂ ಕೈ ಹಚ್ಚಿಗೋಂತ.
ನನ್ನ ಚಾ ಆರಿತು.

ಒಂದು ಸಾಲು.
ರಜಮಾಬೀ ನದಾಪ. ಹೆಸರಿನ ಮುಂದ
ಯಾರದೋ ಹೆಬ್ಬೆರಳು ಒತ್ತಿದ ಖಾಲಿ ಜಾಗ,
ಸಾಸಿವಿ ಕಾಳಿನಷ್ಟು. ಅದರ ಹಿಂದ
ಇಷ್ಟು ವರ್ಷ ನಿಂತಿದ್ದಳು.

“ಸಿಕ್ಕೀರಿ” ಅಂದೆ.
ಆಕಿ ಹೆಬ್ಬೆಟ್ಟಿಗೆ ಮಸಿ ಹಚ್ಚಿಗೋಂತ ಕೇಳಿದಳು:
“ಆಗಲೇ ಓದಿದ್ರೆಲ್ಲಾ, ಆ ರುಕ್ಮಾ,
ಆಕಿ ಈಗ ಎಷ್ಟನೇ ಸೆಕ್ಟರಿನ್ಯಾಗ ಅದಾಳ್ರಿ?”