ಐಸ್ ಫ್ಯಾಕ್ಟರಿಯ ಮೇಲಿನ ಕೋಣೆ

ಫೋನು ಬರುವುದು ಹೆಚ್ಚಾಗಿ ಮೀನು ಹೆಚ್ಚುವ ಹೊತ್ತಿಗೆ.
"ನಲವತ್ತು ಸೆಕೆಂಡು ದುಃಖ ಬೇಕು ಸರ್, ಇವತ್ತೇ ರಾತ್ರಿ.
ಅತ್ತೆ ಸಾಯುತ್ತಾಳೆ. ಪೂರ್ತಿ ಅಲ್ಲ,
ಮುಂದಿನ ವಾರ ಏಳುತ್ತಾಳೆ.
ಅಷ್ಟಕ್ಕೆ ತಕ್ಕ ಹಾಗೆ."

ಕೈ ತೊಳೆಯುತ್ತೇನೆ. ಬಂಗುಡೆಯ ವಾಸನೆ ಹೋಗುವುದಿಲ್ಲ,
ಅದೇ ಕೈಯಲ್ಲಿ ಗಿಟಾರಿನ ಕತ್ತು ಹಿಡಿಯುತ್ತೇನೆ.
ಬೈತಕೋಲದ ಈ ಕೋಣೆಗೆ ಬಾಡಿಗೆ ಕಡಿಮೆ,
ನೆಲ ಸದಾ ನಡುಗುತ್ತದೆ ಅಂತ.
ಕಿಟಕಿಗೆ ಗೋಣಿ, ಬಾಗಿಲಿಗೆ ಹಳೆ ಹಾಸಿಗೆ ಜಡಿದರೂ
ಕೆಳಗಿನ ಕಂಪ್ರೆಸರಿನ ಗುಂಯ್
ಮೈಕಿನೊಳಗೆ ಬಂದು ಕೂರುತ್ತದೆ,
ಕರೆಯದೆ ಊಟಕ್ಕೆ ಬಂದ ಭಾವನ ಹಾಗೆ.

ನಾವು ನಾಲ್ವರು. ಬ್ಯಾಂಡಿನ ಹೆಸರು ತುಕ್ಕು.
ಈ ಉಪ್ಪುಗಾಳಿಗೆ ತಂತಿ ಹದಿನೈದು ದಿನ ಬಾಳುತ್ತಿರಲಿಲ್ಲ,
ಹೊಸದು ಮಡಗಾಂವದಿಂದ ರೈಲು ಹತ್ತಬೇಕು
ರುಜಾರನ ಮಾವನ ಚೀಲದಲ್ಲಿ, ಅವನಿಗೆ ನೆನಪಾದರೆ.
ಕೋಡಿಬಾಗದಲ್ಲಿ ಒಮ್ಮೆ ಬಾಡಿಗೆ ಸ್ಪೀಕರ್ ಇಟ್ಟು
ಸಮುದ್ರಕ್ಕೆ ಬೆನ್ನು ಹಾಕಿ ನುಡಿಸಿದೆವು.
ಕೇಳಿದವರು ಅರವತ್ತು ಜನ, ನಿಲ್ಲಿಸಲು ಬಂದವರು ಇಬ್ಬರು ಪೊಲೀಸರು.
ಅವರಲ್ಲೊಬ್ಬ ಕೊನೆಯದನ್ನು ಇನ್ನೊಮ್ಮೆ ಅಂದ.

ಆಮೇಲಿನದು ಕತೆಯೇನಲ್ಲ.
ದತ್ತಾ ಬಾನಾವಳಿ ನೌಕಾನೆಲೆಯಲ್ಲಿ ವೆಲ್ಡರ್,
ಅವನ ಡ್ರಮ್ಮಿನ ಮೇಲೆ ಹೆಂಡತಿ ಹಪ್ಪಳ ಹರಡಿದಳು,
ತಪ್ಪೇನಿಲ್ಲ, ಚೆನ್ನಾಗೇ ಒಣಗಿದವು.
ಹಾಡುತ್ತಿದ್ದ ಸುಹಾಸಿನಿ ರಾಯ್ಕರ ಅಂಗಡಿಯಲ್ಲಿ ಚಿನ್ನ ತೂಗುತ್ತಾಳೆ,
ಅಷ್ಟು ದೊಡ್ಡ ಗಂಟಲನ್ನು ಗ್ರಾಮಿಗೆ ಇಳಿಸಿ.
ರುಜಾರ್ ಟ್ರಾಲರಿನ ಇಂಜಿನ್ ಹಿಡಿದ.
ನಾನು ಸಿನಿಮಾಕ್ಕೆ ನುಡಿಸಲು ಹೋದೆ:
ನಾಯಕ ಲಾರಿಯಿಂದ ಜಿಗಿಯುವಾಗ ಹನ್ನೊಂದು ಸೆಕೆಂಡು.
ಪರದೆಯ ಮೇಲೆ ನನ್ನ ಹೆಸರು ಬಂದದ್ದು
ಜನ ಕತ್ತಲಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ.
ಮೂರನೆಯದಕ್ಕೆ ಪೂರಾ ಸಂಗೀತ ನನ್ನದೇ,
ಅದು ಬಿಡುಗಡೆಯಾಗಲೇ ಇಲ್ಲ.
ಧಾರಾವಾಹಿಗಳು ಮುಗಿಯುವುದಿಲ್ಲ. ಅದು ಅವುಗಳ ಪುಣ್ಯ, ನನ್ನ ಅಕ್ಕಿ.

ಸೊಸೆ ತಿರುಗಿದರೆ ಮೂರು ಸಲ ಧಡಾರ್, ಅದಕ್ಕೆ ಬುದ್ಧಿ ಬೇಡ.
ಕಷ್ಟವಾದದ್ದು ಮಾತಿನ ಕೆಳಗೆ ನುಡಿಸುವುದು,
ಇದ್ದೂ ಇಲ್ಲದ ಹಾಗೆ. ಗಿಟಾರ್ ಅಳಬಾರದು,
ಅಳುವವರಿಗೆ ಬೇರೆ ದಿನಗೂಲಿ ಕೊಟ್ಟಿದ್ದಾರೆ.

ಸಾವಿಗೆ ಮಾತ್ರ ನನ್ನ ಹತ್ತಿರ ಒಂದೇ ಸ್ವರ.
ಹಳೆಯ ಕ್ಯಾಸೆಟ್ಟಿನಲ್ಲಿ ರುಜಾರನ ಬೇಸ್, ದಪ್ಪ ತಂತಿ,
ಅದನ್ನು ನಿಧಾನಿಸಿ, ತಗ್ಗಿಸಿ ಇಟ್ಟುಕೊಂಡಿದ್ದೇನೆ.
ಈವರೆಗೆ ಅದರ ಮೇಲೆ ಪ್ರಾಣ ಬಿಟ್ಟದ್ದು
ಒಂಬತ್ತು ಮಾವಂದಿರು, ಒಬ್ಬ ಜಮೀನ್ದಾರ, ಒಂದು ಹಸು.
ಅವನಿಗೆ ಹೇಳಿರಲಿಲ್ಲ.

ಜೂನ್‌ನಲ್ಲಿ ಬೋಟುಗಳು ದಡಕ್ಕೆ ಬಿದ್ದಾಗ
ಮೆಟ್ಟಿಲು ಹತ್ತಿ ಬಂದ, ಬೀಡಿ ಹಚ್ಚದೆ ಕೂತ.
"ನಿನ್ನೆ ಸತ್ತನಲ್ಲ ವಕೀಲ, ಅದು ನನ್ನ ತಂತಿ."
ನಾನು ಕೇಬಲ್ ಸುತ್ತುತ್ತಿದ್ದೆ, ಸುತ್ತುತ್ತಲೇ ಇದ್ದೆ.
"ಅವತ್ತು ಶ್ರುತಿ ಇಳಿದಿತ್ತು ಮಾರಾಯ,
ರಾಜ್ಯಕ್ಕೆಲ್ಲ ಕೇಳುವ ಹಾಗೆ ಹಾಕಿದ್ದೀಯಲ್ಲ!"
ಮತ್ತೆ ಹೇಳಿದ: "ಅದರ ಕೆಳಗೆ ಇನ್ನೊಂದಿದೆ. ಐಸು.
ಮಾಂಯ್ ಹಿಡಿದಳು ಅದನ್ನ. ಮೂವತ್ತು ವರ್ಷ ಇಲ್ಲೇ ಬುಟ್ಟಿ ತುಂಬಿದವಳು,
ಟಿವಿಯಲ್ಲಿ ಯಾರಾದರೂ ಸತ್ತ ಕೂಡಲೆ
ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾಳೆ."

ಆ ರಾತ್ರಿ ಅವನೇ ಹೊಸ ತಂತಿ ಬಿಗಿದ.
ಗ್ರೀಸು ತುಂಬಿದ ಉಗುರು, ಕಿವಿ ಮಾತ್ರ ಹಾಗೇ ಇದೆ.
ಮೀಟಿದ. ಶ್ರುತಿ ಕೂದಲೆಳೆ ಆಚೀಚೆ ಇಲ್ಲ.
ಚಿತ್ರದ ಕೆಳಗೆ ಇಟ್ಟು ನೋಡಿದೆವು:
ಅತ್ತೆ ಮಲಗಿದ್ದಾಳೆ, ಉಸಿರು ನಿಂತಿದೆ,
ಆದರೆ ಸತ್ತಿಲ್ಲ.
ಇನ್ನೊಮ್ಮೆ. ಸತ್ತಿಲ್ಲ.
ಕೆಳಗೆ ಕಂಪ್ರೆಸರ್ ನಿಂತು ಇಪ್ಪತ್ತು ದಿನವಾಗಿತ್ತು,
ಬೋಟಿಲ್ಲದೆ ಐಸು ಯಾರಿಗೆ?
ನೆಲ ನಡುಗುತ್ತಿರಲಿಲ್ಲ. ಅಷ್ಟು ಹೊತ್ತು ನಮಗೆ ತೋಚಿರಲೇ ಇಲ್ಲ.

ರುಜಾರ್ ನಕ್ಕ, ಆಮೇಲೆ ಬೀಡಿ ಹಚ್ಚಿದ.
ಫೋನು ಮತ್ತೆ ಬಡಿದುಕೊಂಡಿತು.
ಹಳೆಯದನ್ನೇ ಕಳಿಸಬಹುದಿತ್ತು. ಕಳಿಸಲಿಲ್ಲ.
ಆಗಸ್ಟ್ ಒಂದಕ್ಕೆ ಬೋಟು ಇಳಿಯುತ್ತವೆ,
ಅಲ್ಲಿಯ ತನಕ ಅವಳನ್ನು ಆಸ್ಪತ್ರೆಯಲ್ಲೇ ಇಡಿ ಎಂದೆ.