ಮುಚ್ಚಿದ ಬಾಗಿಲಿನ ಬಾಬ್ತು

ಜನವರಿ ಒಂಬತ್ತರ ರಾತ್ರಿ, ಡುಲುತ್ ಊರಿನಲ್ಲಿ
ಮಾರ್ಲಿಸಳ ಶಿಶುಮನೆಯ ಗೋಡೆಯೊಳಗೆ
ನೀರಿನ ಪೈಪು ಹೆಪ್ಪುಗಟ್ಟಿ ಒಡೆಯಿತು.
ಬೆಳಿಗ್ಗೆ ಬೀಗ ತೆಗೆದರೆ
ಗೊಂಬೆಮನೆಯ ಸೂರಿಗೆ ಮಂಜಿನ ಕೋರೆಹಲ್ಲು,
ಬಣ್ಣದ ಪೆನ್ಸಿಲುಗಳು ನೆಲದ ಗಡ್ಡೆಯೊಳಗೆ
ಮೀನುಗಳ ಹಾಗೆ ನಿಂತಿದ್ದವಂತೆ.

ನಾಲ್ಕು ವಾರ ಬೇಕು, ಎಂದು ಸಂದೇಶ ಬಂತು.
ಕೊನೆಗೊಂದು ಸಾಲು,
ಬರೆದು ಅಳಿಸಿ ಮತ್ತೆ ಬರೆದಂಥದ್ದು:
ಆಗುವವರು ಶುಲ್ಕ ಕಟ್ಟುತ್ತಿದ್ದರೆ
ರಾಬಿನ್‌ಳನ್ನು ಉಳಿಸಿಕೊಂಡೇನು.

ಭಾನುವಾರ ನಾವೆಲ್ಲ ಬಟ್ಟೆ ಒಗೆಯುವ ಅಂಗಡಿಯಲ್ಲಿ ಸೇರಿದೆವು.
ಬ್ರೈಸ್ ಕರಾರು ಪತ್ರ ತಂದಿದ್ದ.
ನೋಡಿ, ಏಳನೇ ಕಲಮು,
ಮುಚ್ಚಿದ ದಿನದ ಬಗ್ಗೆ ಏನೂ ಬರೆದೇ ಇಲ್ಲ.
ಬರೆಯದೆ ಬಿಟ್ಟದ್ದನ್ನು ಅವನು
ತನ್ನ ಕಡೆಗೆ ಓದಿದ.
ನಾನೂ ಸದ್ದಿಲ್ಲದೆ ನನ್ನ ಕಡೆಗೆ ಓದಿಕೊಂಡೆ.

ಟೌ ವಾಂಗ್ ಮಡಚುತ್ತಿದ್ದ ಬಟ್ಟೆ ಬಿಡದೆ ಹೇಳಿದ:
ಕಾಗದದ ಗಿರಣಿಯಲ್ಲಿ ನಂದು ಗಂಟೆ ಲೆಕ್ಕ,
ಹೋಗದ ಗಂಟೆಗೆ ಕಾಸಿಲ್ಲ.
ಹುಡುಗನನ್ನು ಈಗ ಪಕ್ಕದ ಮನೆಯಾಕೆ ನೋಡುತ್ತಾಳೆ, ದಿನಕ್ಕೆ ಅರವತ್ತು ಡಾಲರು.
ಒಂದು ಮಗು,
ಎರಡು ಕಡೆ ಬಾಡಿಗೆ ಕಟ್ಟಲೇ?
ಕೈಯಲ್ಲಿ ಮಗನ ಪೈಜಾಮ, ಮೊಣಕಾಲಿಗೆ ತೇಪೆ.
ಯಾರೂ ಮಾತಾಡಲಿಲ್ಲ.
ಒಣಗಿಸುವ ಯಂತ್ರದಲ್ಲಿ ಯಾರದೋ ಗುಂಡಿ
ಟಣ್, ಟಣ್ ಎಂದು ಸುತ್ತುತ್ತಿತ್ತು.

ನಾನು ನಗರಸಭೆಯ ಹಿಮ ತಳ್ಳುವ ಲಾರಿಯವನು.
ಹಿಮ ಬೀಳದ ರಾತ್ರಿಗಳಲ್ಲೂ
ಶೆಡ್ಡಿನಲ್ಲಿ ಕೂತು, ಇಸ್ಪೀಟು ಕಲಸಿ,
ಆಕಾಶ ನೋಡಿದ್ದಕ್ಕೆ ಸಂಬಳ ಎಣಿಸುತ್ತೇನೆ.
ಇದನ್ನು ಅಲ್ಲಿ ಹೇಳಲಿಲ್ಲ.

ಇನ್ನೊಂದನ್ನೂ ಹೇಳಲಿಲ್ಲ.
ಅಕ್ಟೋಬರಿನಲ್ಲಿ ಅದಿರಿನ ಹಡಗು ಬಂದು
ಸೇತುವೆ ಮೇಲೆದ್ದು, ನಾನು ಈಚೆ ದಡದಲ್ಲೇ ಉಳಿದೆ.
ನಲವತ್ತು ನಿಮಿಷ.
ತಡವಾದರೆ ನಿಮಿಷಕ್ಕೊಂದು ಡಾಲರು,
ಗೋಡೆಯ ಮೇಲೆ ಹಲಗೆಯೇ ಇದೆ.
ಹೋದಾಗ ಐಲಿ ರಾಬಿನ್‌ಳ ಕೋಟಿನೊಳಗೆ ನಿದ್ದೆಹೋಗಿದ್ದಳು.
ಹಡಗಿಗೆ ಯಾರು ದಂಡ ಹಾಕುತ್ತಾರೆ ಬಿಡಿ,
ಎಂದು ನಕ್ಕು ಮಾರ್ಲಿಸ್ ದೀಪ ಆರಿಸಿದ್ದಳು.

ಮಗಳ ಒಂಟಿ ಕೈಗವಸು ಅಲ್ಲೇ ಉಳಿದಿತ್ತು,
ಅದರ ನೆಪದಲ್ಲಿ ಹೋದೆ.
ಹಗ್ಗದ ಮೇಲೆ ಹನ್ನೊಂದು ಪುಟ್ಟ ಹಾಸಿಗೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಇವಕ್ಕೆ ಎರಡೂವರೆ ಅಡಿ ಉದ್ದ,
ಅದೂ ಒದ್ದೆ.
ಗಂಬೂಟಿನಲ್ಲಿ ನಿಂತು ಅವಳು
ಹೀಟರಿನ ಮುಂದೆ ಒಂದೊಂದೇ ಹೆಸರಿನ ಚೀಟಿ ಒಣಗಿಸುತ್ತಿದ್ದಳು.
ಹಣದ ಮಾತು ಅವಳೂ ಎತ್ತಲಿಲ್ಲ.
ಐಲಿ ಮಧ್ಯಾಹ್ನ ಮಲಗುತ್ತಾಳಾ, ಎಂದಷ್ಟೇ ಕೇಳಿದಳು.
ಹೂಂ ಅಂದೆ.
ಸುಳ್ಳು.

ಆ ರಾತ್ರಿ ಊಟದ ಮೇಜಿನಲ್ಲಿ
ಎಂಟುನೂರ ನಲವತ್ತು ಎಂದು ಬರೆದೆ.
ಎಣ್ಣೆಯ ಬಿಲ್ಲನ್ನು ಕೈಸಾ ನನ್ನತ್ತ ಸರಿಸಿದಳು,
ಬೈಯಲಿಲ್ಲ, ಸರಿಸಿದಳು ಅಷ್ಟೆ.
ಚೆಕ್ಕು ಹರಿದು ಇನ್ನೊಂದು ಬರೆದೆ:
ನಾನೂರ ಇಪ್ಪತ್ತು.
ಅರ್ಧ ಅನ್ನುವುದು ಎಷ್ಟು ಸಭ್ಯವಾದ ಅಂಕಿ!
ಕೊಟ್ಟವನ ಹಾಗೂ ಕಾಣಬಹುದು,
ಉಳಿಸಿದವನ ಹಾಗೂ.

ಈಗ ಏಪ್ರಿಲ್. ಸರೋವರ ಬಿರುಕು ಬಿಟ್ಟಿದೆ,
ವರ್ಷದ ಮೊದಲ ಹಡಗಿಗೆ ಸೇತುವೆ ಎದ್ದಿದೆ.
ಶಿಶುಮನೆಗೆ ಹೊಸ ಬಣ್ಣ, ಹೊಸ ಪೈಪು.
ರಾಬಿನ್ ಇಲ್ಲ.
ಮೂರನೇ ವಾರವೇ ಗೋದಾಮಿಗೆ ಸೇರಿದಳಂತೆ,
ಪೊಟ್ಟಣಗಳಿಗೆ ವಿಳಾಸ ಅಂಟಿಸುತ್ತಾಳಂತೆ.

ನನ್ನ ಚೆಕ್ಕನ್ನು ಮಾರ್ಲಿಸ್ ಬ್ಯಾಂಕಿಗೆ ಹಾಕಿಲ್ಲ.
ಯಾಕೆಂದು ಕೇಳುವ ಧೈರ್ಯ ನನಗಿಲ್ಲ,
ಆ ನಾನೂರ ಇಪ್ಪತ್ತನ್ನು ಮುಟ್ಟುವುದೂ ಇಲ್ಲ.
ತಿಂಗಳ ಲೆಕ್ಕದಲ್ಲಿ ಅದು
ನನ್ನದಾಗದೆ, ಅವಳದೂ ಆಗದೆ ಕೂತಿದೆ.

ರಜೆಯ ಮಧ್ಯಾಹ್ನಗಳಲ್ಲಿ ಐಲಿಯ ಪಕ್ಕ ಒರಗಿ
ರಾಬಿನ್ ಮಾಡುತ್ತಿದ್ದ ಹಾಗೆ
ಹುಬ್ಬುಗಳ ನಡುವಿನಿಂದ ಮೂಗಿನ ತುದಿಯವರೆಗೆ
ಒಂದು ಬೆರಳನ್ನು ನಿಧಾನಕ್ಕೆ ಇಳಿಸುತ್ತೇನೆ.
ಅವಳು ಕಣ್ಣು ಬಿಟ್ಟುಕೊಂಡೇ
ಹೇಳಿಕೊಡುತ್ತಾಳೆ:
ಹಾಗಲ್ಲ ಅಪ್ಪಾ, ಇನ್ನೂ ಮೆಲ್ಲಗೆ.